ಅಂಗಳದ ಕೊಳದಲ್ಲಿ ಕಾಯಿಲೆ ಬಿದ್ದ ಮೀನು: ಪತ್ತೆ ಮತ್ತು ಚಿಕಿತ್ಸೆ

ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶವೆಂದೇ ಹೆಸರಾದ ಭಾಗ. ಅಂತಹ ಕಡೆಯಲ್ಲಿಯೂ ಮನೆಯಂಗಳದಲ್ಲಿ ಸಿಮೆಂಟಿನ ಸಣ್ಣ ಕೊಳ ಕಟ್ಟಿಸಿ, ತಾವರೆ ಬೆಳೆಸಿ, ಗೋಲ್ಡ್‌ಫಿಷ್ ಅಥವಾ ಕೋಯ್ ಮೀನುಗಳನ್ನು ಬಿಡುವುದು ಸಾಧ್ಯ. ಇಂತಹ ಕೊಳದಲ್ಲಿ ಮೀನೊಂದು ಆಹಾರ ಬಿಟ್ಟು, ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆ ಹಿಡಿದೊಡನೆ ಅಂಗಡಿಯಿಂದ ಔಷಧಿ ತಂದು ಸುರಿಯುವವರೇ ಹೆಚ್ಚು. ಅನೇಕ ವೇಳೆ ಮೀನಿಗೆ ಮಾರಕವಾಗುವುದು ಈ ಆತುರ. ಮೊದಲು ಪರೀಕ್ಷಿಸಬೇಕಾದುದು ನೀರನ್ನು.

ನಸುಕಿನಲ್ಲಿ ಎಲ್ಲ ಮೀನುಗಳೂ ಒಟ್ಟಿಗೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಬಹುತೇಕ ಆಮ್ಲಜನಕದ ಕೊರತೆಯ ಲಕ್ಷಣ. ಜಲಸಸ್ಯಗಳು ಹಗಲಿನಲ್ಲಿ ಆಮ್ಲಜನಕ ಕೊಡುತ್ತವೆಯಾದರೂ ರಾತ್ರಿ ತಾವೇ ಅದನ್ನು ಬಳಸುತ್ತವೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ನೀರು, ಬೇಸಿಗೆಯ 35 ಡಿಗ್ರಿಯಲ್ಲಿ 7 ಮಿಲಿಗ್ರಾಮಿನಷ್ಟನ್ನು ಮಾತ್ರ ಹಿಡಿಯುತ್ತದೆ. ಉಳಿದ ಆಹಾರ ಮತ್ತು ಮಲದಿಂದ ಹುಟ್ಟುವ ಅಮೋನಿಯಾ ಇನ್ನೊಂದು ಶತ್ರು. ಶಾಖ ಮತ್ತು ಕ್ಷಾರಗುಣ ಏರಿದಂತೆ ಅದರ ವಿಷವೂ ಏರುತ್ತದೆ. ಆಹಾರ ನಿಲ್ಲಿಸಿ, ಕಾಲು ಭಾಗದಷ್ಟು ನೀರು ಬದಲಿಸಿ, ಗಾಳಿಯಾಡಿಸಿದರೆ ಹಲವು "ಕಾಯಿಲೆ"ಗಳು ಅಲ್ಲಿಗೇ ಮುಗಿಯುತ್ತವೆ. ಆದರೆ ಹೊಸ ನೀರು ನಲ್ಲಿಯದಾದರೆ ಅದರಲ್ಲಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಒಂದು ದಿನ ತೆರೆದ ತೊಟ್ಟಿಯಲ್ಲಿಟ್ಟು ಬಳಸತಕ್ಕದ್ದು.

ಒಂದೆರಡು ಮೀನು ಮಾತ್ರ ಸೊರಗಿದ್ದರೆ ಅವುಗಳ ಮೈಯನ್ನು ನೋಡಬೇಕು. ಉಪ್ಪು ಚೆಲ್ಲಿದಂತಹ ಬಿಳಿ ಚುಕ್ಕೆಗಳು ಏಕಕೋಶ ಪರೋಪಜೀವಿಯ ಗುರುತು. ಅದು ನೀರಿನಲ್ಲಿ ಈಜಾಡುವ ಹಂತದಲ್ಲಿ ಮಾತ್ರ ಔಷಧಿಗೆ ಬಗ್ಗುವುದರಿಂದ ಚಿಕಿತ್ಸೆಯನ್ನು ಪುನಃಪುನಃ ಮಾಡಬೇಕಾಗುತ್ತದೆ. ಚಪ್ಪಟೆಯಾದ ಮೀನುಹೇನು ಮತ್ತು ದಾರದಂತೆ ಜೋತುಬೀಳುವ ಲಂಗರು ಹುಳು ಬರಿಗಣ್ಣಿಗೇ ಕಾಣುವುವು, ಚಿಮುಟದಿಂದ ತೆಗೆಯಬಹುದು. ಬೆಕ್ಕು ಅಥವಾ ಮಿಂಚುಳ್ಳಿ ಮಾಡಿದ ಗಾಯದ ಮೇಲೆ ಹತ್ತಿಯಂತಹ ಬೂಷ್ಟು ಬೆಳೆಯುವುದುಂಟು. ಹೊಟ್ಟೆಯುಬ್ಬಿ, ಹುರುಪೆಗಳು ಸೆಟೆದು ನಿಂತ ಮೀನು ಬದುಕುವ ಸಂಭವ ಕಡಿಮೆಯೆಂದೇ ಹೇಳಬೇಕು.

ಗಾಯಗೊಂಡ ಮೀನನ್ನು ಕೊಳದ ನೀರನ್ನೇ ತುಂಬಿದ ಪ್ರತ್ಯೇಕ ತೊಟ್ಟಿಗೆ ಸಾಗಿಸಿ, ಲೀಟರಿಗೆ 3 ಗ್ರಾಂ ಉಪ್ಪನ್ನು ಕರಗಿಸಿ ಹಂತಹಂತವಾಗಿ ಸೇರಿಸಬೇಕು. ಕೊಳಕ್ಕೇ ಉಪ್ಪು ಹಾಕಿದರೆ ತಾವರೆಗೆ ಹಾನಿ. ಪರೋಪಜೀವಿಗಳ ಕಾಟಕ್ಕೆ ಕೊಳದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುವುದಾದರೆ ಲೀಟರಿಗೆ 2 ಮಿಲಿಗ್ರಾಂ ಸಾಕು. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕೊಳದಲ್ಲಿ 1,800 ಲೀಟರ್ ನೀರಿರುತ್ತದೆ. ಅದಕ್ಕೆ ಬೇಕಾದುದು 3.6 ಗ್ರಾಂ ಮಾತ್ರ. ಚಮಚೆಯ ಅಂದಾಜು ಇಲ್ಲಿ ಸಲ್ಲದು. ಪ್ರಮಾಣ ಮೀರಿದರೆ ಕಿವಿರುಗಳೇ ನಾಶವಾಗುತ್ತವೆ.

ಮೈಮೇಲೆ ಕೆಂಪು ಚುಕ್ಕೆ ಮೂಡಿ ಆಳವಾದ ಹುಣ್ಣಾಗುವ ಸಾಂಕ್ರಾಮಿಕ ವ್ರಣರೋಗದ ವಿಷಯವೇ ಬೇರೆ. ಅಫನೋಮೈಸಿಸ್ ಎಂಬ ಶಿಲೀಂಧ್ರಸದೃಶ ಜೀವಿಯಿಂದ ಬರುವ ಈ ರೋಗ 1988ರಲ್ಲಿ ಈಶಾನ್ಯ ಭಾರತದಲ್ಲಿ ತಲೆದೋರಿ, ಮುಂದೆ ಕರ್ನಾಟಕವನ್ನೂ ತಲಪಿತು. ಕೆರೆಗಳ ಕೊರವ ಮೀನು ಇದಕ್ಕೆ ಬೇಗನೆ ತುತ್ತಾಗುತ್ತದೆ, ಗೋಲ್ಡ್‌ಫಿಷ್‌ಗೂ ತಗಲಬಲ್ಲದು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಇದಕ್ಕಾಗಿ ಸಿಫಾಕ್ಸ್ ಎಂಬ ಔಷಧಿಯನ್ನು ರೂಪಿಸಿತು. ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರ್ ಸಾಕಾಗುವ ಈ ಔಷಧಿಯನ್ನು ಅಂಗಳದ ಕೊಳಕ್ಕೆ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಸಲಹೆಯಿಲ್ಲದೆ ಬಳಸಬಾರದು.

ಇಂತಹ ಹುಣ್ಣಿನ ಮೀನನ್ನು ಕನಿಕರದಿಂದ ನಾಚಾರಂನ ಪೆದ್ದ ಚೆರುವಿನಂತಹ ಕೆರೆಗೆ ಬಿಡುವುದು ಅತ್ಯಂತ ಅಪಾಯಕರ. ಒಂದು ಮನೆಯ ರೋಗ ಕೆರೆಯ ಮೀನುಗಳಿಗೆಲ್ಲ ಹರಡಿ, ಅವನ್ನು ನಂಬಿ ಬದುಕುವವರ ಅನ್ನಕ್ಕೆ ಸಂಚಕಾರ ಬರಬಹುದು. ಸತ್ತ ಮೀನನ್ನು ಚರಂಡಿಗೆ ಎಸೆಯದೆ ಸುಣ್ಣ ಬೆರೆಸಿ ಆಳವಾಗಿ ಹೂಳತಕ್ಕದ್ದು. ಬಲೆ, ಬಕೆಟ್ಟುಗಳನ್ನು ತೊಳೆದು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿದ ನಂತರವೇ ಮತ್ತೆ ಕೊಳಕ್ಕಿಳಿಸಬೇಕು.