ಅಂಗಡಿಯ ರಕ್ಷಣೆ: ವರ್ತಕರ ಪಾಲು, ಪೋಲೀಸರ ಪಾಲು

"ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು" ಎಂಬುದು ನಮ್ಮ ಹಿರಿಯರ ಗಾದೆ. ಅಂಗಡಿಯೊಂದರಲ್ಲಿ ಸುಲಿಗೆ ನಡೆದ ಮರುದಿನ ಅಲ್ಲಿ ಕಾಣುವ ಹೊಸ ಬೀಗ, ಹೊಸ ಕ್ಯಾಮರಾ, ಬಾಗಿಲಲ್ಲಿ ನಿಂತ ಇಬ್ಬರು ಪೇದೆಗಳನ್ನು ನೋಡುವಾಗ ಈ ಗಾದೆ ನೆನಪಿಗೆ ಬಾರದಿರದು. ಸುಲಿಗೆಯನ್ನು ತಡೆಯುವುದು ಪೋಲೀಸರ ಕೆಲಸವೆಂದು ವರ್ತಕರೂ, ತಮ್ಮ ಸೊತ್ತನ್ನು ಕಾಯುವುದು ವರ್ತಕರ ಹೊಣೆಯೆಂದು ಪೋಲೀಸರೂ ಭಾವಿಸಿದರೆ, ನಡುವೆ ಉಳಿಯುವ ತೆರವಿನಲ್ಲಿ ಕಳ್ಳನು ಕಾಲಿಡುತ್ತಾನೆ. ಈ ತೆರವನ್ನು ಮುಚ್ಚುವ ಬಗೆಯನ್ನು ನಮ್ಮ ಪಣಂಬೂರಿನ ಪರಿಸರವನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪದಗಳ ಅರ್ಥವನ್ನು ತಿಳಿಯೋಣ. ಒಡೆಯನ ಸಮ್ಮತಿಯಿಲ್ಲದೆ ಸೊತ್ತನ್ನು ಒಯ್ಯುವುದು ಕಳ್ಳತನ. ಅದಕ್ಕಾಗಿ ಹೊಡೆದರೆ ಅಥವಾ ಪ್ರಾಣಭಯವನ್ನೊಡ್ಡಿದರೆ ಅದು ಸುಲಿಗೆ. ಐದು ಅಥವಾ ಹೆಚ್ಚು ಮಂದಿ ಕೂಡಿ ಸುಲಿಗೆ ಮಾಡಿದರೆ ಡಕಾಯಿತಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303, 309 ಮತ್ತು 310ನೆಯ ಕಲಮುಗಳು ಕ್ರಮವಾಗಿ ಇವನ್ನು ವಿವರಿಸುತ್ತವೆ. ಕಳ್ಳತನದಲ್ಲಿ ಹೋಗುವುದು ಸೊತ್ತು. ಸುಲಿಗೆಯಲ್ಲಿ ಪಣಕ್ಕೆ ಬೀಳುವುದು ಜೀವ. ಆ ಜೀವ ಅನೇಕ ವೇಳೆ ಅಂಗಡಿಯ ಒಡೆಯನದಲ್ಲ, ಸಂಬಳಕ್ಕಾಗಿ ಒಬ್ಬನೇ ಕುಳಿತ ನೌಕರನದು. 2023ರ ಫೆಬ್ರವರಿ 3ರಂದು ಮಂಗಳೂರಿನ ಹಂಪನಕಟ್ಟೆಯ ಆಭರಣದಂಗಡಿಯೊಂದರಲ್ಲಿ ಹಾಡಹಗಲೇ ನೌಕರನೊಬ್ಬನ ಕೊಲೆಯಾಯಿತು. ಪೋಲೀಸರು ಕ್ಯಾಮರಾದ ಚಿತ್ರವನ್ನು ಸಾರ್ವಜನಿಕರ ಮುಂದಿಟ್ಟರು. ಸುಮಾರು ಒಂದು ತಿಂಗಳ ಬಳಿಕ ಕಾಸರಗೋಡಿನಲ್ಲಿ ಆರೋಪಿಯ ಬಂಧನವಾಯಿತು. ಆದರೆ ಹೋದ ಜೀವ ಮರಳಿ ಬಂದೀತೆ?

ವರ್ತಕರೂ ರಾಜ್ಯಾಧಿಕಾರಿಗಳೂ ಹೊಣೆ ಹಂಚಿಕೊಳ್ಳುವ ಕಲ್ಪನೆ ನಮಗೆ ಹೊಸದಲ್ಲ. ಹಳ್ಳಿಯಲ್ಲಿ ತಂಗುವ ಸಾರ್ಥವಾಹರು ತಮ್ಮ ಸರಕಿನ ಬೆಲೆಯನ್ನು ಮೊದಲೇ ತಿಳಿಸಬೇಕು, ಆಮೇಲೆ ಅದು ಕಳುವಾದರೆ ಗ್ರಾಮದ ಮುಖ್ಯಸ್ಥನು ತುಂಬಿಕೊಡಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ವರ್ತಕನ ಮಾಹಿತಿ, ಅನಂತರ ಅಧಿಕಾರಿಯ ಹೊಣೆ. ನಮ್ಮ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರ ವಣಿಕ್ ಸಂಘವಾದರೋ ದಾರಿಯ ರಕ್ಷಣೆಗೆ ತನ್ನದೇ ಶಸ್ತ್ರಧಾರಿಗಳನ್ನು ಇಟ್ಟುಕೊಂಡಿತ್ತು.

ಇನ್ನು ಪಣಂಬೂರಿಗೆ ಬರೋಣ. ಬಂದರಿಗಾಗಿ ಇಲ್ಲಿನ ಹಳೆಯ ಕುಟುಂಬಗಳು ನೆಲ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳ ಕಡೆ ನೆಲೆಸಿದವು. 1974ರಲ್ಲಿ ನವಮಂಗಳೂರು ಬಂದರು ದೇಶದ ಒಂಬತ್ತನೆಯ ಮಹಾ ಬಂದರೆನಿಸಿತು. ಇಂದು ಒಂದೆಡೆ ಬಂದರು, ಒಂದೆಡೆ ರಸಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ, ಪಡುವಲಲ್ಲಿ ಪ್ರವಾಸಿಗರ ಕಡಲತೀರ. ಹಳ್ಳಿಯ ಅಂಗಡಿಯಲ್ಲಿ ಬರುವವರೆಲ್ಲ ಪರಿಚಿತರು. ಇಲ್ಲಿ ಲಾರಿ ಚಾಲಕರು, ಹೊರರಾಜ್ಯದ ಕಾರ್ಮಿಕರು, ಪ್ರವಾಸಿಗರು. ಅಪರಿಚಿತನೇ ಇಲ್ಲಿನ ಗಿರಾಕಿ. ಆದುದರಿಂದ ಅಪರಿಚಿತನೆಂಬ ಕಾರಣಕ್ಕೆ ಸಂಶಯಪಡುವುದು ವ್ಯಾಪಾರಕ್ಕೂ ನ್ಯಾಯಕ್ಕೂ ಸಲ್ಲದು. ಮನುಷ್ಯನ ಭಾಷೆ, ಉಡುಗೆ, ಮತಗಳನ್ನಲ್ಲ, ನಡವಳಿಕೆಯನ್ನು ಗಮನಿಸಬೇಕು: ಏನನ್ನೂ ಕೊಳ್ಳದೆ ಮತ್ತೆ ಮತ್ತೆ ಬಂದು ಬಾಗಿಲು ಮುಚ್ಚುವ ವೇಳೆಯನ್ನು ವಿಚಾರಿಸುವವರು, ಸಂಖ್ಯಾಫಲಕ ಮುಚ್ಚಿದ ವಾಹನದಲ್ಲಿ ಎದುರಿಗೇ ಕಾದಿರುವವರು ಇತ್ಯಾದಿ.

ಇಂಥ ಸಂಗತಿಗಳು ಮೊದಲು ಕಾಣುವುದು ವರ್ತಕನಿಗೆ. ಬೇರೆ ಬಡಾವಣೆಗಳಲ್ಲಿ ಏನು ನಡೆಯುತ್ತಿದೆ, ಯಾವ ತಂಡ ತಿರುಗುತ್ತಿದೆ ಎಂಬುದು ತಿಳಿದಿರುವುದು ಪೋಲೀಸರಿಗೆ. ಒಬ್ಬೊಬ್ಬರಲ್ಲಿ ಅರ್ಧರ್ಧ ಮಾಹಿತಿಯಿದೆ. ಎರಡೂ ಕೂಡಿದರೆ ಮಾತ್ರ ಪ್ರಯೋಜನ. 2017ರಲ್ಲಿ ಕರ್ನಾಟಕ ಪೋಲೀಸ್ ಇಲಾಖೆ ಜಾರಿಗೆ ತಂದ ಹೊಸ ಗಸ್ತು ವ್ಯವಸ್ಥೆಯಲ್ಲಿ ಠಾಣೆಯ ವ್ಯಾಪ್ತಿಯನ್ನು ಹಂಚಿ ಒಂದೊಂದು ಭಾಗವನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸುವ, ನಾಗರಿಕರನ್ನೂ ಸೇರಿಸಿಕೊಳ್ಳುವ ಏರ್ಪಾಡಿದೆ. ಜಪಾನಿನ 'ಕೋಬಾನ್' ಎಂಬ ಚಿಕ್ಕ ಠಾಣೆಗಳ ಪೋಲೀಸರೂ ತಮ್ಮ ಪಾಲಿನ ಮನೆ ಅಂಗಡಿಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳುತ್ತಾರೆ. ವರ್ತಕನಿಗೆ ತನ್ನ ಗಸ್ತಿನ ಪೇದೆಯ ಹೆಸರೂ ದೂರವಾಣಿ ಸಂಖ್ಯೆಯೂ ಗೊತ್ತಿರುವುದು ಸಹಕಾರದ ಮೊದಲನೆಯ ಪಾಠ.

ಎರಡನೆಯ ಪಾಠವು ಅಂಗಡಿಯ ಏರ್ಪಾಡಿಗೆ ಸಂಬಂಧಿಸಿದ್ದು. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಗೇನ್ಸ್‌ವಿಲ್ ನಗರದಲ್ಲಿ ಚಿಲ್ಲರೆ ಅಂಗಡಿಗಳ ಸುಲಿಗೆ ಮಿತಿಮೀರಿದಾಗ, ಪೋಲೀಸರ ಅಧ್ಯಯನವನ್ನು ಆಧರಿಸಿ 1986ರಲ್ಲಿ ನಗರಾಡಳಿತವು ನಿಯಮಗಳನ್ನು ಮಾಡಿತು: ಗಾಜಿಗೆ ಜಾಹೀರಾತು ಅಂಟಿಸಿ ಮರೆಮಾಡಬಾರದು, ಹಣದ ಪೆಟ್ಟಿಗೆ ಬೀದಿಗೆ ಕಾಣಬೇಕು, ಗಲ್ಲದಲ್ಲಿ ಕಡಮೆ ನಗದಿರಬೇಕು. ಮರುವರ್ಷ ರಾತ್ರಿ ವೇಳೆ ಇಬ್ಬರು ನೌಕರರಿರಬೇಕೆಂಬುದೂ ಸೇರಿತು. ಖರ್ಚು ಹೆಚ್ಚುವುದೆಂದು ವರ್ತಕರು ವಿರೋಧಿಸಿದರು. ಆದರೂ ಸುಲಿಗೆಗಳು ಇಳಿದವು. ನಮ್ಮ ಹೆದ್ದಾರಿಯ ಬದಿಯ ಅಂಗಡಿಗಳನ್ನು ನಾನು ಗಮನಿಸಿದಾಗ, ಸರಕಿನ ಪೊಟ್ಟಣಗಳ ಮಾಲೆಯೂ ಜಾಹೀರಾತಿನ ಹಾಳೆಗಳೂ ಗಲ್ಲವನ್ನು ಪೂರ್ತಿ ಮರೆಮಾಡಿದ್ದು ಕಂಡಿತು. ಇವನ್ನು ತೆಗೆಯಲು ಯಾವ ಖರ್ಚೂ ಇಲ್ಲ.

ಕ್ಯಾಮರಾದ ಮಾತು ಬೇರೆ. ಹೆಚ್ಚು ಜನ ಸೇರುವ ಮಳಿಗೆಗಳು ಕ್ಯಾಮರಾ ಇಟ್ಟು ಚಿತ್ರವನ್ನು 30 ದಿನ ಕಾಯ್ದಿರಿಸಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾನೂನು ಹೇಳುತ್ತದೆ. ಆದರೆ ಕ್ಯಾಮರಾ ಇದ್ದರೆ ಸಾಲದು, ಅದು ನಡೆಯುತ್ತಿರಬೇಕು. 2025ರ ಜನವರಿ 17ರಂದು ಕೋಟೆಕಾರಿನ ಸಹಕಾರಿ ಬ್ಯಾಂಕಿನ ಶಾಖೆಯೊಂದನ್ನು ಹಗಲಲ್ಲೇ ದೋಚಿದಾಗ ಅಲ್ಲಿನ ಕ್ಯಾಮರಾಗಳ ದುರಸ್ತಿ ನಡೆದಿತ್ತು. ಮತ್ತೆ, ತೀರ ಎತ್ತರದಲ್ಲಿಟ್ಟರೆ ಟೊಪ್ಪಿ ಕಂಡೀತು, ಮುಖ ಕಾಣದು.

ಆಪತ್ತು ಬಂದೇಬಿಟ್ಟರೆ ಸೊತ್ತಿಗಾಗಿ ಸೆಣಸಬಾರದು. ಕೇಳಿದ್ದನ್ನು ಕೊಟ್ಟು ಎತ್ತರ, ಮಾತಿನ ಧಾಟಿ, ವಾಹನದ ಸಂಖ್ಯೆಗಳನ್ನು ನೆನಪಿಡಬೇಕು. ಅವರು ಹೋದೊಡನೆ 112ಕ್ಕೆ ಕರೆಮಾಡಿ, ಯಾವುದನ್ನೂ ಮುಟ್ಟದೆ ಕಾಯಬೇಕು. ಈಗ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಕ್ಯಾಮರಾದ ಚಿತ್ರ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕು. ಅದಕ್ಕೂ ವರ್ತಕನ ನೆರವು ಅಗತ್ಯ.

"ಠಾಣೆಗೆ ಹೋದರೆ ವ್ಯಾಪಾರ ಬಿಟ್ಟು ಅಲೆಯಬೇಕು" ಎಂಬುದು ವರ್ತಕರ ದೂರು. "ಕಂಡವರೂ ಸಾಕ್ಷಿ ಹೇಳಲು ಬರುವುದಿಲ್ಲ" ಎಂಬುದು ಪೋಲೀಸರ ದೂರು. ಎರಡರಲ್ಲೂ ಹುರುಳಿದೆ. ಸಾಕ್ಷಿಯ ಹೊತ್ತನ್ನು ಪೋಲೀಸರು ಗೌರವಿಸಿದರೆ ಸಾಕ್ಷಿಗಳು ಹೆಚ್ಚುವರು. ಸಹಕಾರವೆಂದರೆ ಮಾಮೂಲು ಕೊಡುವುದೂ ಅಲ್ಲ, ಪುಕ್ಕಟೆ ಚಹಾ ಕುಡಿಯುವುದೂ ಅಲ್ಲ. ಋಣದ ಭಾರವಿದ್ದಲ್ಲಿ ಸಮಾನರ ಸ್ನೇಹ ಬೆಳೆಯದು.

ನಮ್ಮ ಸಹಪಾಠಿಗಳಲ್ಲಿ ಎಷ್ಟೋ ಮಂದಿ ತರಗತಿ ಮುಗಿಸಿ ಸಂಜೆ ಅಂಗಡಿಗಳಲ್ಲಿ ದುಡಿಯುವವರು. ರಾತ್ರಿ ಹತ್ತಕ್ಕೆ ಒಬ್ಬರೇ ಲೆಕ್ಕ ಮಾಡಿ ಬಾಗಿಲೆಳೆಯುವವರು ಅವರೇ. ಆದುದರಿಂದ ಈ ವಿಷಯ ವರ್ತಕರ ಸಂಘಕ್ಕೋ ಠಾಣಾಧಿಕಾರಿಗಳಿಗೋ ಮಾತ್ರ ಸೇರಿದ್ದಲ್ಲ. ಗಲ್ಲದಲ್ಲಿರುವ ಹಣವನ್ನು ನಾಳೆ ಮತ್ತೆ ಗಳಿಸಬಹುದು. ಗಲ್ಲದ ಹಿಂದೆ ಕುಳಿತವನು ಕ್ಷೇಮವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದೇ ವರ್ತಕ, ಪೋಲೀಸ್, ನಾಗರಿಕ ಈ ಮೂವರ ಸಹಕಾರದ ನಿಜವಾದ ಗುರಿ.