ಅಪ್‌ಡೇಟ್ ಕೆಟ್ಟು ಕಂಪ್ಯೂಟರ್ ನಿಂತರೆ: ಫಾರ್ಮ್ಯಾಟ್ ಮಾಡಿಸುವ ಮುನ್ನ



ಗೊಬ್ಬರ, ಬಿತ್ತನೆ, ಔಷಧ ಸಿಂಪಡಣೆಗಳ ವಿಚಾರ ಬರೆಯಬೇಕಾದ ಗ್ರಾಮಸೇವಕನು ಕಂಪ್ಯೂಟರಿನ ಪಾಠ ಹೇಳಹೊರಟನಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ಕಂಪ್ಯೂಟರ್ ಪಂಡಿತನಲ್ಲ. ಆದರೆ ಈಗ ನಮ್ಮ ಹಾಲಿನ ಲೆಕ್ಕ, ಸಹಕಾರ ಸಂಘದ ಸಾಲದ ಲೆಕ್ಕ, ಮಕ್ಕಳ ಓದು ಎಲ್ಲವೂ ಆ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಒಂದು ಮುಂಜಾನೆ ಅದು ಏಳದೆ ಮಲಗಿಬಿಟ್ಟರೆ ನಷ್ಟವಾಗುವುದು ನಮಗೇ.

ಕಳೆದ ಮಳೆಗಾಲದಲ್ಲಿ ನನ್ನ ವೃತ್ತದ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಹೀಗಾಯಿತು. ಸಂಜೆಯ ಹಾಲು ಅಳೆದು ಮುಗಿಸಿ ಕಾರ್ಯದರ್ಶಿಗಳು ಕಂಪ್ಯೂಟರ್ ಆರಿಸಹೋದರು. ಅಪ್‌ಡೇಟ್ ನಡೆಯುತ್ತಿದೆ, ಆರಿಸಬೇಡಿ ಎಂಬ ಅರ್ಥದ ಇಂಗ್ಲಿಷ್ ಬರಹ ತೆರೆಯ ಮೇಲೆ ಬಂತು. ಅದರ ಪಾಡಿಗೆ ಅದು ಮುಗಿಯಲಿ ಎಂದು ಬಾಗಿಲು ಹಾಕಿಕೊಂಡು ಮನೆಗೆ ಹೋದರು. ಅರ್ಧ ಗಂಟೆಯಲ್ಲಿ ಕರೆಂಟು ಹೋಯಿತು. ಯುಪಿಎಸ್ ಇತ್ತು, ಅದರ ಬ್ಯಾಟರಿ ಹಳೆಯದಾಗಿ ಎರಡು ನಿಮಿಷವೂ ತಡೆಯಲಿಲ್ಲ. ಮರುದಿನ ಬೆಳಗಿನ ಐದೂವರೆಗೆ ಸ್ವಿಚ್ಚು ಒತ್ತಿದರೆ ವಿಂಡೋಸಿನ ಗುರುತು ಕಾಣುವುದು, ಕೆಳಗೆ ಚುಕ್ಕೆಗಳು ಸುತ್ತುವುವು, ತಾನಾಗಿ ಆರಿ ಮತ್ತೆ ಮೊದಲಿನಿಂದ ಹೊರಡುವುದು. ಬಟವಾಡೆಗೆ ಎರಡೇ ದಿನ ಉಳಿದಿತ್ತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ, “ಹಂಗಾರೆ ನನ್ನ ಹದಿಮೂರು ದಿನದ ಹಾಲೆಲ್ಲ ನೀರಿಗೆ ಹೋಯ್ತೇನಪ್ಪಾ?” ಎಂದು ಕೇಳಿದರು. ಪಟ್ಟಣದ ಅಂಗಡಿಗೆ ಫೋನು ಮಾಡಿದಾಗ ಬಂದ ಉತ್ತರ ಒಂದೇ: ಫಾರ್ಮ್ಯಾಟ್ ಹೊಡೆಯಬೇಕು, ತಂದುಬಿಡಿ.

ಫಾರ್ಮ್ಯಾಟ್ ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಡಿಸ್ಕಿನಲ್ಲಿರುವುದನ್ನು ತೆಗೆದುಹಾಕಿ ವಿಂಡೋಸನ್ನು ಹೊಸದಾಗಿ ಕೂರಿಸುವುದು. ಯಂತ್ರವೇನೋ ಓಡುತ್ತದೆ, ಆದರೆ ಲೆಕ್ಕ ಉಳಿಯುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರು ಯಾರೂ ಇಲ್ಲ. ಆದರೂ ಈ ಒಂದು ವಿಷಯದಲ್ಲಿ ನಾವು ಹಿಂದುಮುಂದು ನೋಡದೆ ಒಪ್ಪಿಬಿಡುತ್ತೇವೆ. ಅಂಗಡಿಯವನದು ತಪ್ಪೆಂದು ನಾನು ಹೇಳುವುದಿಲ್ಲ. ಅವನಿಗೆ ಅದು ಸುಲಭದ ದಾರಿ, ಮತ್ತು ಒಳಗಿರುವ ಲೆಕ್ಕದ ಬೆಲೆ ಅವನಿಗೆ ಗೊತ್ತಿಲ್ಲ.

ಅಪ್‌ಡೇಟ್ ಕೆಟ್ಟರೆ ಕಂಪ್ಯೂಟರ್ ಏಕೆ ಏಳುವುದಿಲ್ಲ? ವಿಂಡೋಸಿನಲ್ಲಿ ದೋಷಗಳು ಕಂಡಂತೆಲ್ಲ ಕಂಪೆನಿಯವರು ಹಳೆಯ ಕಡತಗಳಿಗೆ ಬದಲು ಹೊಸ ಕಡತಗಳನ್ನು ಕಳಿಸುತ್ತಾರೆ. ಬದಲಾಯಿಸುವ ಈ ಕೆಲಸ ಮಧ್ಯದಲ್ಲಿ ನಿಂತರೆ ಅರ್ಧ ಹಳೆಯದು, ಅರ್ಧ ಹೊಸದು ಉಳಿಯುತ್ತದೆ. ಟ್ರ್ಯಾಕ್ಟರಿನ ಹಳೆಯ ಚಕ್ರ ಬಿಚ್ಚಿ, ಹೊಸದರ ನಟ್ಟು ಬಿಗಿಯುವ ಮೊದಲೇ ಜಾಕು ಇಳಿದುಬಿಟ್ಟ ಹಾಗೆ. ಎಂಜಿನಿಗೇನೂ ಆಗಿರುವುದಿಲ್ಲ. ಕರೆಂಟು ಹೋಗುವುದಲ್ಲದೆ, ಡಿಸ್ಕಿನಲ್ಲಿ ಜಾಗ ಸಾಲದಿರುವುದು, ಪ್ರಿಂಟರಿನಂಥ ಹೊರ ಸಾಮಾನುಗಳ ತಂತ್ರಾಂಶ ಹೊಸದಕ್ಕೆ ಹೊಂದದಿರುವುದು, ಕಳಿಸಿದ ಅಪ್‌ಡೇಟಿನಲ್ಲೇ ದೋಷವಿರುವುದು, ಇವೂ ಕಾರಣಗಳೇ. 2024ನೇ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ದೋಷಯುಕ್ತ ಅಪ್‌ಡೇಟಿನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಹೀಗೆಯೇ ನೀಲಿ ತೆರೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಅವುಗಳಿಗೆ ಹೇಳಿದ ಮದ್ದು ಫಾರ್ಮ್ಯಾಟ್ ಅಲ್ಲ. ಸೇಫ್ ಮೋಡಿನಲ್ಲಿ ಒಳಹೊಕ್ಕು ಕೆಟ್ಟ ಕಡತವೊಂದನ್ನು ಅಳಿಸಿದರೆ ಸಾಕಾಗಿತ್ತು.

ಇನ್ನು ಮಾಡಬೇಕಾದ ಕೆಲಸಕ್ಕೆ ಬರೋಣ. ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಿಗೆ.

ಎಲ್ಲಕ್ಕೂ ಮೊದಲು ಕಾಯಬೇಕು. ಶೇಕಡಾ ಇಷ್ಟು ಮುಗಿಯಿತು ಎಂದು ತೋರಿಸುತ್ತ ಅಪ್‌ಡೇಟ್ ಒಂದೇ ಅಂಕಿಯಲ್ಲಿ ನಿಂತಂತೆ ಕಂಡರೂ, ಡಿಸ್ಕಿನ ಸಣ್ಣ ದೀಪ ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಿರಿ. ಹಳೆಯ ಯಂತ್ರಗಳಲ್ಲಿ ಎರಡು ಮೂರು ಗಂಟೆ ಹಿಡಿಯುವುದುಂಟು. ಅಪ್‌ಡೇಟ್ ಮುಗಿಸಲಾಗಲಿಲ್ಲ, ಬದಲಾವಣೆಗಳನ್ನು ಹಿಂತೆಗೆಯುತ್ತಿದ್ದೇನೆ ಎಂಬ ಅರ್ಥದ ಮಾತು ಬಂದರಂತೂ ಮುಟ್ಟಲೇಕೂಡದು. ಅದು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಿರುತ್ತದೆ. ಬೆಳಗಿನ ಹಾಲು ಬಂದು ನಿಂತಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಮ್ಮ ಕಾರ್ಯದರ್ಶಿಗಳು ಅಂದು ಹಾಗೆಯೇ ಮಾಡಿದರು, ಒಂದು ಲೀಟರೂ ವಾಪಸು ಹೋಗಲಿಲ್ಲ.

ಕಾದರೂ ಪ್ರಯೋಜನವಾಗದಿದ್ದರೆ, ಪೆನ್‌ಡ್ರೈವ್, ಪ್ರಿಂಟರ್, ಹಾಲಿನ ತೂಕದ ಯಂತ್ರದ ತಂತಿ ಮುಂತಾದುವನ್ನೆಲ್ಲ ಕಿತ್ತು, ಕೀಲಿಮಣೆ ಮತ್ತು ಮೌಸ್ ಮಾತ್ರ ಉಳಿಸಿ ಮತ್ತೊಮ್ಮೆ ಹೊತ್ತಿಸಿ ನೋಡಿ. ತೆರೆಯ ಮೇಲೆ ಏನೂ ಬಾರದೆ ಬರಿಯ ಬೀಪ್ ಸದ್ದಾದರೆ ಅದು ಯಂತ್ರದ ಬಿಡಿಭಾಗಗಳ ತೊಂದರೆ. ಈ ಪಾಠ ಅದಕ್ಕಲ್ಲ. ವಿಂಡೋಸಿನ ಗುರುತು ಕಾಣುತ್ತಿದ್ದರೆ ಮುಂದುವರಿಯಿರಿ.

ದುರಸ್ತಿಗೆಂದೇ ವಿಂಡೋಸಿನಲ್ಲಿ ಒಂದು ಹಿಂಬಾಗಿಲು ಇಟ್ಟಿರುತ್ತಾರೆ. ಅದನ್ನು ತೆರೆಯಲು, ಗುರುತು ಕಂಡು ಚುಕ್ಕೆಗಳು ಸುತ್ತತೊಡಗಿದಾಗ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಆರಿಸಿ. ಮತ್ತೆ ಹೊತ್ತಿಸಿ, ಅದೇ ಹಂತದಲ್ಲಿ ಇನ್ನೊಮ್ಮೆ ಆರಿಸಿ. ಮೂರನೆಯ ಸಲ ಹೊತ್ತಿಸಿ ಸುಮ್ಮನೆ ಬಿಡಿ. ‘ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್’ ಎಂದು ಬಂದು, ಸ್ವಲ್ಪ ಹೊತ್ತಿನ ಮೇಲೆ ನೀಲಿ ತೆರೆ ಬರುತ್ತದೆ. ನೀಲಿ ಕಂಡು ಹೆದರಬೇಡಿ. ನಮಗೆ ಬೇಕಾದುದು ಅದೇ. ಬೇರೆ ಹೊತ್ತಿನಲ್ಲಿ ಹೀಗೆ ಗುಂಡಿ ಒತ್ತಿ ಆರಿಸುವುದು ಕೆಟ್ಟ ಅಭ್ಯಾಸ. ಇಲ್ಲಿ ಮಾತ್ರ ಬೇಕೆಂದೇ ಮಾಡುತ್ತೇವೆ.

ಆ ತೆರೆಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’, ಒಳಗೆ ‘ಟ್ರಬಲ್‌ಶೂಟ್’, ಅದರೊಳಗೆ ಮತ್ತೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒತ್ತಿರಿ. ಐದಾರು ಬಾಬುಗಳು ಕಾಣುತ್ತವೆ. ಮೊದಲು ‘ಸ್ಟಾರ್ಟಪ್ ರಿಪೇರ್’. ಇದರಿಂದ ಹಾನಿಯಿಲ್ಲ, ಒಮ್ಮೊಮ್ಮೆ ಗುಣವೂ ಉಂಟು. ಸರಿಪಡಿಸಲಾಗಲಿಲ್ಲ ಎಂದು ಅದು ಕೈ ಚೆಲ್ಲಿದರೆ ನಿರಾಶೆ ಬೇಡ. ನಮ್ಮ ಸಂಘದಲ್ಲೂ ಚೆಲ್ಲಿತು.

ಇಲ್ಲಿಗೆ ಬಂದಾಗ ನಾನು ಒಂದು ಕೆಲಸವನ್ನು ಕಡ್ಡಾಯವಾಗಿ ಮಾಡುತ್ತೇನೆ. ಇದಕ್ಕಿಂತ ದೊಡ್ಡ ಮದ್ದಿಗೆ ಕೈಹಾಕುವ ಮುನ್ನ ಲೆಕ್ಕವನ್ನು ಹೊರಗೆ ತೆಗೆದಿಡುತ್ತೇನೆ. ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ. ಪೆನ್‌ಡ್ರೈವ್ ಚುಚ್ಚಿ, ಅದೇ ಬಾಬುಗಳಲ್ಲಿರುವ ‘ಕಮಾಂಡ್ ಪ್ರಾಂಪ್ಟ್’ ತೆರೆಯಿರಿ. ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ನೋಟ್‌ಪ್ಯಾಡ್’ ಎಂದು ಟೈಪು ಮಾಡಿ ಎಂಟರ್ ಒತ್ತಿರಿ. ಖಾಲಿ ಹಾಳೆಯೊಂದು ಬರುತ್ತದೆ. ಅದರ ‘ಫೈಲ್’, ‘ಓಪನ್’ ಒತ್ತಿ, ಕೆಳಗಡೆ ‘ಆಲ್ ಫೈಲ್ಸ್’ ಎಂದು ಆರಿಸಿದರೆ ಡಿಸ್ಕಿನಲ್ಲಿರುವುದೆಲ್ಲ ಕಾಣುತ್ತದೆ. ಬೇಕಾದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಾಪಿ’ ಮಾಡಿ, ಪೆನ್‌ಡ್ರೈವಿಗೆ ಹೋಗಿ ‘ಪೇಸ್ಟ್’ ಮಾಡಿ. ಎಷ್ಟು ನಕಲಾಯಿತು ಎಂದು ಅದು ತೋರಿಸುವುದಿಲ್ಲ; ಪೆನ್‌ಡ್ರೈವಿನ ದೀಪ ಮಿಣುಕುವುದು ನಿಲ್ಲುವತನಕ ಕಾದು, ಕಡತಗಳು ಬಂದಿವೆಯೇ ಎಂದು ನೋಡಿಕೊಳ್ಳಿ. ಮಾಮೂಲಿನಲ್ಲಿ ‘ಸಿ’ ಎಂದಿರುವ ಭಾಗ ಇಲ್ಲಿ ‘ಡಿ’ ಎಂದೋ ‘ಇ’ ಎಂದೋ ಕಾಣುವುದುಂಟು. ಹೆಸರು ಬದಲಾಯಿತೆಂದು ಗಾಬರಿಯಾಗಬೇಡಿ.

ನಕಲು ಕೈಗೆ ಬಂದ ಮೇಲೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಎಂಬ ಬಾಬಿಗೆ ಹೋಗಿ. ಅದರಲ್ಲಿ ಎರಡು ಬಗೆ. ‘ಕ್ವಾಲಿಟಿ ಅಪ್‌ಡೇಟ್’ ಎಂದರೆ ತಿಂಗಳು ತಿಂಗಳು ಬರುವ ಸಣ್ಣ ರಿಪೇರಿ. ‘ಫೀಚರ್ ಅಪ್‌ಡೇಟ್’ ಎಂದರೆ ವಿಂಡೋಸಿನ ಆವೃತ್ತಿಯೇ ಬದಲಾಗುವ ದೊಡ್ಡದು. ಇದನ್ನು ಸಾಮಾನ್ಯವಾಗಿ 10 ದಿನಗಳೊಳಗೆ ಮಾತ್ರ ಹಿಂತೆಗೆಯಬಹುದು, ಆದುದರಿಂದ ಕೆಟ್ಟ ಯಂತ್ರವನ್ನು ಮೂಲೆಗಿಟ್ಟು ತಿಂಗಳು ಕಳೆಯುವುದು ತರವಲ್ಲ. ಯಾವುದು ಬಂದಿತ್ತೆಂದು ತಿಳಿಯದಿದ್ದರೆ ಮೊದಲು ಸಣ್ಣದನ್ನೇ ತೆಗೆಯಿರಿ. ನಮ್ಮ ಸಂಘದ ಯಂತ್ರ ಇಷ್ಟಕ್ಕೇ ಎದ್ದಿತು. ಇಪ್ಪತ್ತು ನಿಮಿಷ ಚುಕ್ಕೆ ಸುತ್ತಿ, ಎರಡು ಸಲ ತಾನೇ ಆರಿ ಹೊತ್ತಿ, ಹಾಲಿನ ಲೆಕ್ಕದ ಚಿತ್ರ ತೆರೆಯ ಮೇಲೆ ಬಂದಾಗ ಹತ್ತು ಗಂಟೆ ದಾಟಿತ್ತು. ನೋಟ್‌ಬುಕ್ಕಿನ ಬೆಳಗಿನ ಹಾಲನ್ನೂ ಏರಿಸಿದೆವು. ಬಟವಾಡೆ ಹೇಳಿದ ದಿನಕ್ಕೇ ಆಯಿತು. ಅಜ್ಜಿ ದುಡ್ಡನ್ನು ಎರಡು ಸಲ ಎಣಿಸಿಕೊಂಡು ಹೋದರು.

ಅದಕ್ಕೂ ಏಳದ ಯಂತ್ರಕ್ಕೆ ‘ಸಿಸ್ಟಮ್ ರಿಸ್ಟೋರ್’ ನೋಡಬಹುದು. ಹಿಂದಿನ ದಿನಾಂಕದ ಗುರುತೊಂದು ಉಳಿದಿದ್ದರೆ ವಿಂಡೋಸನ್ನು ಆ ದಿನದ ಸ್ಥಿತಿಗೆ ಒಯ್ಯುತ್ತದೆ. ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಒತ್ತಿ, ‘ರೀಸ್ಟಾರ್ಟ್’ ಮಾಡಿ, ಅಂಕಿ 4 ಒತ್ತಿದರೆ ಸೇಫ್ ಮೋಡ್ ಬರುತ್ತದೆ. ಅಂದರೆ ಅತ್ಯಗತ್ಯವಾದುದನ್ನು ಮಾತ್ರ ಕಟ್ಟಿಕೊಂಡು ಏಳುತ್ತದೆ. ಹಾಗೆ ಎದ್ದರೆ ಹೊಸದಾಗಿ ಹಾಕಿದ ತಂತ್ರಾಂಶವನ್ನು ತೆಗೆದು ನೋಡಬಹುದು.

ಕೊನೆಯದು ‘ರೀಸೆಟ್ ದಿಸ್ ಪಿಸಿ’. ಇಲ್ಲಿ ಬಹಳ ಎಚ್ಚರ ಬೇಕು. ‘ರಿಮೂವ್ ಎವೆರಿಥಿಂಗ್’ ಎಂದರೆ ಎಲ್ಲವೂ ಹೋಗುತ್ತದೆ, ಅದು ಯಾರಿಗಾದರೂ ಅರ್ಥವಾದೀತು. ಮೋಸಹೋಗುವುದು ‘ಕೀಪ್ ಮೈ ಫೈಲ್ಸ್’ ಎಂಬ ಇನ್ನೊಂದರಲ್ಲಿ. ನನ್ನ ಕಡತಗಳು ಉಳಿಯುತ್ತವೆ ಎಂದು ನಂಬಿ ಒತ್ತುತ್ತೇವೆ. ಫೋಟೋಗಳು, ಡಾಕ್ಯುಮೆಂಟ್ಸ್ ಫೋಲ್ಡರಿನ ಪತ್ರಗಳು ಉಳಿಯುತ್ತವೆ, ನಿಜ. ಆದರೆ ನಾವು ಹಾಕಿಕೊಂಡ ತಂತ್ರಾಂಶಗಳನ್ನು ಅದು ಕಿತ್ತುಹಾಕುತ್ತದೆ. ಕೆಲವು ಲೆಕ್ಕದ ತಂತ್ರಾಂಶಗಳು ತಮ್ಮ ದಾಖಲೆಯನ್ನು ತಮ್ಮ ಸ್ವಂತ ಫೋಲ್ಡರಿನೊಳಗೇ ಇಟ್ಟುಕೊಂಡಿರುತ್ತವೆ. ತಂತ್ರಾಂಶದೊಡನೆ ಅದೂ ಹೋದೀತು. ಆದುದರಿಂದ ನಿಮ್ಮ ಸಂಘದ ಲೆಕ್ಕ ಯಾವ ಫೋಲ್ಡರಿನಲ್ಲಿ ಕೂರುತ್ತದೆ ಎಂದು ಅದನ್ನು ಹಾಕಿಕೊಟ್ಟವರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಯಂತ್ರ ಕೆಟ್ಟ ದಿನ ಅವರ ಫೋನು ಸಿಕ್ಕುವುದಿಲ್ಲ.

ಇನ್ನೊಂದು ತೊಡಕು ಹೊಸ ಲ್ಯಾಪ್‌ಟಾಪುಗಳಲ್ಲಿ ಕಾಣುತ್ತದೆ. ಈ ಹಿಂಬಾಗಿಲಿನಲ್ಲಿ ಹೋಗುವಾಗ ‘ಬಿಟ್‌ಲಾಕರ್ ರಿಕವರಿ ಕೀ’ ಕೊಡಿ ಎಂದು ಕೇಳಬಹುದು. ಕಳ್ಳರ ಪಾಲಾದರೂ ಓದಲಾಗದಂತೆ ಡಿಸ್ಕಿಗೆ ಹಾಕಿರುವ ಬೀಗ ಅದು. ಬೀಗದ ಕೈ 48 ಅಂಕಿಗಳ ಒಂದು ಸಂಖ್ಯೆ. ಎಷ್ಟೋ ಯಂತ್ರಗಳಲ್ಲಿ ಈ ಬೀಗ ನಮಗೆ ತಿಳಿಯದಂತೆ ತಾನಾಗಿ ಬಿದ್ದಿರುತ್ತದೆ. ಲ್ಯಾಪ್‌ಟಾಪ್ ಹೊಸದಾಗಿ ತಂದಾಗ ಯಾವ ಮೈಕ್ರೋಸಾಫ್ಟ್ ಖಾತೆ ಕೊಟ್ಟು ಆರಂಭಿಸಿದಿರೋ, ಆ ಖಾತೆಯಲ್ಲಿ ಸಾಮಾನ್ಯವಾಗಿ ಸಂಖ್ಯೆ ಸಿಕ್ಕುತ್ತದೆ, ಮೊಬೈಲಿನಿಂದಲೂ ನೋಡಬಹುದು. ಖಾತೆ ತೆರೆದವನು ಅಂಗಡಿಯ ಹುಡುಗನಾಗಿದ್ದು, ಅವನು ಕೆಲಸ ಬಿಟ್ಟು ಹೋಗಿದ್ದರೆ ಗತಿಯೇನು ಎಂದು ಯೋಚಿಸಿ. ಸಂಖ್ಯೆಯಿಲ್ಲದೆ ಆ ಡಿಸ್ಕನ್ನು ಯಾವ ಅಂಗಡಿಯವನೂ ತೆರೆಯಲಾರ. ಆ ಸಂಘದವರು ಈಗ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತಿಜೋರಿಯಲ್ಲಿಟ್ಟಿದ್ದಾರೆ. ಕಂಪ್ಯೂಟರಿನ ಮೇಲೆಯೇ ಅಂಟಿಸಿದರೆ ಬೀಗಕ್ಕೆ ಕೈ ನೇತುಹಾಕಿದ ಹಾಗೆ, ಹಾಗೆ ಮಾಡಕೂಡದು.

ಇಷ್ಟೆಲ್ಲ ತೊಂದರೆಯಾದರೆ ಅಪ್‌ಡೇಟನ್ನೇ ನಿಲ್ಲಿಸಿಬಿಡೋಣ ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದರು. ಅದು ಸರಿಯಲ್ಲ. ಅಪ್‌ಡೇಟ್ ಇಲ್ಲದ ಯಂತ್ರ ಲಸಿಕೆ ಹಾಕಿಸದ ದನದಂತೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ನೇ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಆ ಯಂತ್ರಗಳವರು ಮುಂದಿನ ದಾರಿಯನ್ನು ಈಗಲೇ ನೋಡಿಕೊಳ್ಳಬೇಕು. ನಾವು ಮಾಡಬಹುದಾದುದೆಂದರೆ ಹೊತ್ತು ಆರಿಸಿಕೊಳ್ಳುವುದು. ಸೆಟ್ಟಿಂಗಿನಲ್ಲಿ ‘ಪಾಸ್ ಅಪ್‌ಡೇಟ್ಸ್’ ಎಂಬುದನ್ನು ಒತ್ತಿ ಕೆಲವು ದಿನ ತಡೆದು, ಬಟವಾಡೆ ಮುಗಿದ ಮಧ್ಯಾಹ್ನ, ಕರೆಂಟು ಭದ್ರವಾಗಿರುವಾಗ, ಲೆಕ್ಕದ ನಕಲು ತೆಗೆದು, ಡಿಸ್ಕಿನಲ್ಲಿ ಜಾಗವಿದೆಯೇ ನೋಡಿ ಹಾಕಿಸಿಕೊಳ್ಳಿ. ಯುಪಿಎಸ್ ಬ್ಯಾಟರಿಗೆ ಖರ್ಚು ಮಾಡಲು ಆಡಳಿತ ಮಂಡಳಿ ಹಿಂಜರಿದರೆ ಈ ಅಜ್ಜಿಯ ಮಾತನ್ನು ಅವರಿಗೆ ಹೇಳಿ.

ಗುಂಡಿ ಒತ್ತಿ ಆರಿಸಿದರೂ ನೀಲಿ ತೆರೆಯೇ ಬಾರದ ಯಂತ್ರಗಳೂ ಉಂಟು. ಅವಕ್ಕೆ ವಿಂಡೋಸಿನ ಪೆನ್‌ಡ್ರೈವ್ ಬೇಕಾಗುತ್ತದೆ. ಮೈಕ್ರೋಸಾಫ್ಟ್ ಜಾಲತಾಣದಿಂದ ಬೇರೊಂದು ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ತಯಾರಿಸಬಹುದು. ಅದರಿಂದ ಯಂತ್ರವನ್ನು ಎಬ್ಬಿಸಿ, ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್’ ಎಂದಿರುವುದನ್ನು ಆರಿಸಿದರೆ ಮೇಲೆ ಹೇಳಿದ ಬಾಬುಗಳೇ ಬರುತ್ತವೆ. ಪ್ರತಿ ಸಂಘಕ್ಕೂ ಇಂಥದೊಂದು ಇರಲಿ ಎಂದು ನನ್ನ ಆಸೆ. ಸಂತೆಯ ದಿನ ಮಧ್ಯಾಹ್ನ ನಾನು ಬ್ಲಾಕ್ ಕಚೇರಿಯಲ್ಲಿರುತ್ತೇನೆ. 8 ಜಿಬಿ ಅಥವಾ ಅದಕ್ಕೂ ದೊಡ್ಡ ಪೆನ್‌ಡ್ರೈವ್ ತಂದವರಿಗೆ ಮಾಡಿಕೊಡುತ್ತೇನೆ. ತಯಾರಿಸುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಮಗಳ ಮದುವೆಯ ಫೋಟೋ ಏನಾದರೂ ಅದರಲ್ಲಿದ್ದರೆ ಮೊದಲೇ ಬೇರೆಡೆಗೆ ತೆಗೆದಿಟ್ಟು ತನ್ನಿ.