‘ಸ್ಮೈಲ್’ ಪದದ ವಂಶಾವಳಿ

ಇಂಗ್ಲಿಷಿನ ‘ಸ್ಮೈಲ್’ ಎಂಬ ಪದವನ್ನೂ ಸಂಸ್ಕೃತದಿಂದ ನಮ್ಮ ನುಡಿಗೆ ಬಂದಿರುವ ‘ಸ್ಮಿತ’ ಎಂಬ ಪದವನ್ನೂ ಒಂದರ ಪಕ್ಕದಲ್ಲೊಂದು ಬರೆದು ನೋಡಿದರೆ ಯಾವ ವಿದ್ಯಾರ್ಥಿಗಾದರೂ ಕುತೂಹಲ ಹುಟ್ಟದಿರದು. ಎರಡರ ಅರ್ಥವೂ ಒಂದೇ, ತೊಡಗುವ ಧ್ವನಿಯೂ ಒಂದೇ. ಈ ಹೋಲಿಕೆ ಕೇವಲ ಆಕಸ್ಮಿಕವೆ? ಅಥವಾ ಇಂಗ್ಲಿಷರು ಈ ಪದವನ್ನು ಸಂಸ್ಕೃತದಿಂದ ಎರವಲು ಪಡೆದರೆ? ಎರಡನೆಯ ಮಾತನ್ನು ನಮ್ಮ ಭಾಷಣಕಾರರು ಸಿದ್ಧಾಂತವೆಂಬಂತೆ ಹೇಳಿಬಿಡುವುದುಂಟು; ಸಭೆ ಚಪ್ಪಾಳೆ ತಟ್ಟುವುದೂ ಉಂಟು. ವಾಸ್ತವವಾಗಿ ಎರಡೂ ಸರಿಯಲ್ಲ. ಹಾಗೆಂದು ನಿರ್ಣಯಿಸುವ ಬಗೆ ಹೇಗೆಂಬುದು ವಿಜ್ಞಾನದ ವಿದ್ಯಾರ್ಥಿಗಳು ತಿಳಿಯತಕ್ಕ ವಿಷಯ.

ಮೊದಲು ಇಂಗ್ಲೆಂಡಿನ ಚರಿತ್ರೆಯನ್ನಷ್ಟು ನೋಡೋಣ. ‘ಸ್ಮೈಲ್’ ಅಲ್ಲಿನ ಬರೆಹಗಳಲ್ಲಿ ಕಾಣಿಸಿಕೊಳ್ಳುವುದು 1300ರ ಸುಮಾರಿಗೆ. ಅದಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಮುಗುಳುನಗುವುದಕ್ಕೆ ‘ಸ್ಮೆಅರ್ಕಿಯನ್’ ಎಂಬ ಕ್ರಿಯಾಪದವಿದ್ದಿತು. 9ನೆಯ ಶತಮಾನದಿಂದ ಸ್ಕ್ಯಾಂಡಿನೇವಿಯದ ಜನರು ಇಂಗ್ಲೆಂಡಿನ ಉತ್ತರ ಹಾಗೂ ಪೂರ್ವ ಭಾಗಗಳಲ್ಲಿ ಬಂದು ನೆಲಸಿದರು. ಅವರಿಂದ ಇಂಗ್ಲಿಷಿಗೆ ‘ಸ್ಕೈ’, ‘ಎಗ್’ ಮೊದಲಾದ ಮನೆಮಾತುಗಳು ಮಾತ್ರವಲ್ಲ, ‘ದೇ’ ಎಂಬ ಸರ್ವನಾಮವೂ ದೊರೆಯಿತು. ‘ಸ್ಮೈಲ್’ ಕೂಡ ಬಹುಶಃ ಅದೇ ದಾರಿಯಿಂದ ಬಂದುದು. ಡೇನಿಷ್ ಭಾಷೆಯಲ್ಲಿ ಈ ಪದ ಇಂದಿಗೂ ಬಳಕೆಯಲ್ಲಿದೆ. ಹೊಸಬನು ಬಂದೊಡನೆ ಹಳಬನ ಮಾನ ಕುಗ್ಗಿತು. ‘ಸ್ಮೆಅರ್ಕಿಯನ್’ ಇಂದು ‘ಸ್ಮರ್ಕ್’ ಆಗಿ, ತನ್ನನ್ನು ತಾನೇ ಮೆಚ್ಚಿಕೊಂಡವನ ಅಹಂಕಾರದ ನಗೆಯನ್ನು ಮಾತ್ರ ಸೂಚಿಸುತ್ತದೆ. ‘ಗ್ರಿನ್’ ಪದದ ಗತಿ ಇದಕ್ಕೆ ವಿರುದ್ಧ: ಅದರ ಪೂರ್ವರೂಪಕ್ಕೆ ನೋವಿನಿಂದಲೋ ಕೋಪದಿಂದಲೋ ಹಲ್ಲು ತೋರಿಸುವುದೆಂಬ ಅರ್ಥವಿದ್ದಿತು, ಕಾಲಕ್ರಮದಲ್ಲಿ ಅದು ನಗೆಯ ಪಂಕ್ತಿಗೆ ಸೇರಿತು. ಹಲ್ಲುಕಿರಿಯುವವರೆಲ್ಲ ಸಂತೋಷದಿಂದಲೇ ಕಿರಿಯುವುದಿಲ್ಲವೆಂಬುದು ಕನ್ನಡಿಗರಿಗೂ ಗೊತ್ತು.

ಇನ್ನು ಸಂಸ್ಕೃತದ ಸಂಬಂಧ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಸರ್ ವಿಲಿಯಂ ಜೋನ್ಸ್ ಮಾಡಿದ ಭಾಷಣವೊಂದು ಪ್ರಸಿದ್ಧವಾಗಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಸಾಮ್ಯ ಆಕಸ್ಮಿಕವಾಗಿರಲಾರದು. ಅವೆಲ್ಲವೂ ಪ್ರಾಯಶಃ ಈಗ ಉಳಿದಿರದ ಒಂದು ಮೂಲದಿಂದ ಹುಟ್ಟಿರಬೇಕು ಎಂಬುದು ಅವರ ಅಭಿಪ್ರಾಯ. ಆ ಮೂಲಭಾಷೆಯನ್ನು ಬರೆದಿಟ್ಟವರಿಲ್ಲ. ಆದುದರಿಂದ ವಿದ್ವಾಂಸರು ಅದರ ಪದಗಳನ್ನು ಮಕ್ಕಳ ಮುಖಲಕ್ಷಣಗಳಿಂದ ಊಹಿಸಿ, ಊಹೆಯೆಂದು ತಿಳಿಯಲು ಮುಂದೊಂದು ನಕ್ಷತ್ರ ಚಿಹ್ನೆಯನ್ನು ಹಾಕುತ್ತಾರೆ. ನಗೆಗೆ ಅವರು ಊಹಿಸಿರುವ ಧಾತು ‘ಸ್ಮೆಯ್’. ಸಂಸ್ಕೃತದ ‘ಸ್ಮಿ’, ರಷ್ಯನ್ನಿನ ‘ಸ್ಮೆಖ್’, ಲಾಟ್ವಿಯನ್ನಿನ ‘ಸ್ಮಿಯೆತಿಯೆಸ್’, ಇಂಗ್ಲಿಷಿನ ‘ಸ್ಮೈಲ್’ ಇವೆಲ್ಲ ಅದರ ಸಂತಾನ. ಎಂದರೆ ‘ಸ್ಮಿತ’ವು ‘ಸ್ಮೈಲ್’ ಪದಕ್ಕೆ ತಾಯಿಯಲ್ಲ, ಜ್ಞಾತಿ. ಧಾತುಪಾಠದಲ್ಲಿ ‘ಸ್ಮಿ’ಗೆ ಕೊಂಚ ನಗುವುದೆಂಬ ಅರ್ಥವೇ ಇದೆ. ನಮ್ಮ ‘ನಗು’ ಈ ಕುಲಕ್ಕೆ ಸೇರಿದುದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅದು ತಮಿಳಿನ ‘ನಗೈ’, ತೆಲುಗಿನ ‘ನವ್ವು’ ಪದಗಳೊಡನೆ ದ್ರಾವಿಡ ಮನೆತನದ್ದು. ‘ಮಂದಸ್ಮಿತ’ ನಮ್ಮ ಮನೆಗೆ ಬಂದ ಅತಿಥಿ.

ಆದರೆ ಊಹೆಗೆ ಪರೀಕ್ಷೆ ಬೇಡವೆ? ಬೇಕು, ಅದಕ್ಕೆ ಲ್ಯಾಟಿನ್, ಗ್ರೀಕ್‌ಗಳು ಒದಗುತ್ತವೆ. ಲ್ಯಾಟಿನ್ನಿನಲ್ಲಿ ಇದೇ ಧಾತುವಿನಿಂದ ಬಂದುದೆಂದು ಹೇಳುವ ಪದ ‘ಮೀರುಸ್’, ಎಂದರೆ ಆಶ್ಚರ್ಯಕರವಾದುದು. ಗ್ರೀಕಿನಲ್ಲಿ ಮುಗುಳುನಗುವುದಕ್ಕಿರುವ ಕ್ರಿಯಾಪದ ‘ಮೆಯ್ದ್’ ಎಂದು ತೊಡಗುತ್ತದೆ. ಎರಡರಲ್ಲಿಯೂ ಸಕಾರ ಕಾಣದು! ಅನುಕೂಲಕ್ಕಾಗಿ ಅದನ್ನು ಬಿಟ್ಟುಬಿಟ್ಟರೆಂದು ಆಕ್ಷೇಪಿಸಬಹುದು. ಹಾಗಾದರೆ ಬೇರೊಂದು ಪದವನ್ನು ತೆಗೆದುಕೊಳ್ಳೋಣ. ಹಿಮಕ್ಕೆ ಇಂಗ್ಲಿಷಿನಲ್ಲಿ ‘ಸ್ನೋ’, ರಷ್ಯನ್ನಿನಲ್ಲಿ ‘ಸ್ನೆಗ್’. ಲ್ಯಾಟಿನ್ನಿನಲ್ಲಿ ‘ನಿವ್’, ಗ್ರೀಕಿನಲ್ಲಿ ‘ನಿಫ್’ ಎಂಬ ಪ್ರಕೃತಿಗಳು. ಅನುನಾಸಿಕದ ಹಿಂದಿನ ಆದಿ ಸಕಾರವು ಇಲ್ಲಿಯೂ ಅದೇ ಎರಡು ಭಾಷೆಗಳಲ್ಲಿ ಲೋಪವಾಗಿದೆ. ಇಷ್ಟೇ ಅಲ್ಲ. ಹೋಮರನು ಆಫ್ರೊಡೈಟಿ ದೇವಿಯನ್ನು ‘ಫಿಲೊಮ್ಮೆಯ್ದೇಸ್’, ಎಂದರೆ ನಗೆಯನ್ನು ಪ್ರೀತಿಸುವವಳು, ಎಂದು ಕರೆಯುತ್ತಾನೆ. ‘ಫಿಲೊ’ ಮತ್ತು ‘ಮೆಯ್ದ್’ ಸೇರಿದಾಗ ಮಕಾರಕ್ಕೆ ಒತ್ತು ಬರಲು ಕಾರಣವೇನು? ಅಳಿದುಹೋದ ಸಕಾರದ ಹೆಜ್ಜೆ ಗುರುತೇ ಆ ಒತ್ತು.

ಅರ್ಥದಲ್ಲಿಯೂ ಒಂದು ಸ್ವಾರಸ್ಯವುಂಟು. ನಗೆಯಿಂದ ಆಶ್ಚರ್ಯಕ್ಕೆ ದಾಟಿದುದು ಲ್ಯಾಟಿನ್ ಒಂದೇ ಅಲ್ಲ. ‘ಸ್ಮಿ’ಗೆ ‘ವಿ’ ಎಂಬ ಉಪಸರ್ಗ ಸೇರಿದರೆ ಸಂಸ್ಕೃತದಲ್ಲಿ ‘ವಿಸ್ಮಯ’ವಾಗುತ್ತದೆ. ‘ಸ್ಮಯ’ವೆಂದರೆ ಗರ್ವವೆಂಬ ಅರ್ಥವೂ ಇದ್ದು, ‘ಸ್ಮರ್ಕ್’ ಪದವನ್ನು ನೆನಪಿಗೆ ತರುತ್ತದೆ. ‘ಮೀರುಸ್’ ಪದದ ಮಕ್ಕಳೇ ಇಂಗ್ಲಿಷಿನ ‘ಮಿರಕಲ್’ ಮತ್ತು ‘ಅಡ್ಮೈರ್’. ಬೆರಗಿನಿಂದ ನೋಡುವುದು ಬರಿದೆ ನೋಡುವುದಾಗಿ, ಫ್ರೆಂಚಿನ ಮೂಲಕ ‘ಮಿರರ್’ ಕೂಡ ಹುಟ್ಟಿತು. ಆಕಾಶಕ್ಕೂ ಈ ವಂಶ ಏರಿದೆ. 1596ರಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಕಂಡ ಒಂದು ತಾರೆ ಸುಮಾರು 11 ತಿಂಗಳಿಗೊಮ್ಮೆ ಬೆಳಗಿ ಮತ್ತೆ ಬರಿಗಣ್ಣಿಗೆ ಮರೆಯಾಗುತ್ತದೆ. 1662ರಲ್ಲಿ ಹೆವೀಲಿಯಸ್ ಅದನ್ನು ‘ಮೀರಾ’ ಎಂದು ಕರೆದನು. ನಮ್ಮ ಭಕ್ತೆ ಮೀರಾಬಾಯಿಗೂ ಈ ಹೆಸರಿಗೂ ಸಂಬಂಧವಿಲ್ಲ.

ಬೆಳಕಿನ ಪಾಠದಲ್ಲಿ ಬರುವ ‘ಮಿರಾಜ್’ ಕೂಡ ಇದೇ ‘ಮೀರುಸ್’ ಸಂತತಿಯ ಫ್ರೆಂಚ್ ಪದ. 1798ರಲ್ಲಿ ನೆಪೋಲಿಯನ್ನನೊಡನೆ ಈಜಿಪ್ಟಿಗೆ ಹೋದ ಗಣಿತಜ್ಞ ಮೋಂಜ್, ಬಾಯಾರಿದ ಸೈನಿಕರಿಗೆ ಮರಳಿನ ಮೇಲೆ ತೋರುತ್ತಿದ್ದ ನೀರಿನ ಕಾರಣವನ್ನು ವಿವರಿಸಿದನು. ಅದೇ ದೃಶ್ಯಕ್ಕೆ ನಾವು ‘ಮರೀಚಿಕೆ’ ಎನ್ನುತ್ತೇವೆ. ಧ್ವನಿಯೂ ಅರ್ಥವೂ ಎಷ್ಟು ಹತ್ತಿರ! ಆದರೂ ‘ಮರೀಚಿಕೆ’ ಬಂದುದು ಕಿರಣವೆಂಬ ಅರ್ಥದ ‘ಮರೀಚಿ’ಯಿಂದ, ಅದರಲ್ಲಿ ನಗೆಯೂ ಇಲ್ಲ, ವಿಸ್ಮಯವೂ ಇಲ್ಲ. ಕಿವಿಗೆ ದೂರವೆನಿಸುವ ‘ಮಿರರ್’ ಮತ್ತು ‘ಸ್ಮಿತ’ ಬಂಧುಗಳು. ಅವಳಿಗಳಂತೆ ತೋರುವ ‘ಮಿರಾಜ್’ ಮತ್ತು ‘ಮರೀಚಿಕೆ’ ಪರಸ್ಪರ ಅಪರಿಚಿತರು.